ಕಲಾವಿದರ ಹೆಸರಿನ ನಾಲ್ಕು ಎಲೆಕ್ಟ್ರಿಕ್ ಗಿಟಾರ್‌ಗಳು: ಬೆಳಗಾವಿಯ ಕೈಗೆ ಯಾವುದು ಹೊಂದೀತು?

ಗಣೇಶ ಹಬ್ಬ ಮುಗಿದ ಮರುವಾರ ನಮ್ಮಣ್ಣನ ಮಗ ಟಿಳಕವಾಡಿಯ ನಮ್ಮ ಮನೆಗೆ ಬಂದ. ಕೈಯಲ್ಲಿ ಮೊಬೈಲು, ಅದರೊಳಗೆ ಒಂದು ಗಿಟಾರಿನ ಚಿತ್ರ. ಮೈಯಲ್ಲಿ ಕೈ ತೂರಿಸುವಷ್ಟು ದೊಡ್ಡ ತೂತು, ನೆಕ್ಕಿನ, ಅಂದರೆ ಎಡಗೈ ಓಡಾಡುವ ಹಿಡಿಯ, ಉದ್ದಕ್ಕೂ ಬಳ್ಳಿಯ ಕುಸುರಿ.

"ಕಾಕಾ, ಸ್ಟೀವ್ ವಾಯ್ ಅವರ ಗಿಟಾರ್ ಇದು. ಹಿಡಿಕಿ ಸುದ್ದಾ ಐತಿ ನೋಡ್ರಿ. ತಗೋಬೇಕಂತ ಮಾಡೇನಿ."

"ನೀ ಏನ್ ನುಡಸಾಂವ ಅದೀ, ಮೊದಲ ಅದನ್ನ ಹೇಳು ತಮ್ಮಾ."

ವಾರಕ್ಕೊಮ್ಮೆ ಆರ್ಕೆಸ್ಟ್ರಾದಲ್ಲಿ ಸಿನಿಮಾ ಹಾಡು, ಮನೆಯಲ್ಲಿ ಒಬ್ಬನೇ ಕೂತಾಗ ಯಮನ್, ಭೀಮಪಲಾಸ. ಅವನ ಉತ್ತರ ಇಷ್ಟು. ನನ್ನದೂ ಇಪ್ಪತ್ತು ವರ್ಷಗಳಿಂದ ಹೆಚ್ಚುಕಡಿಮೆ ಇದೇ ಬದುಕು. ಈ ಭಾಗದಲ್ಲಿ ಗಿಟಾರ್ ಹಿಡಿದ ಹುಡುಗರಲ್ಲಿ ಬಹಳ ಮಂದಿಯದೂ ಇದೇ. ಒಂದು ಕಿವಿ ಮಂಟಪದ ಧ್ವನಿವರ್ಧಕದ ಕಡೆ, ಇನ್ನೊಂದು ಮನೆಯ ಗೋಡೆಗೆ ಒರಗಿಸಿಟ್ಟ ತಂಬೂರಿಯ ಕಡೆ. ಕುಮಾರ ಗಂಧರ್ವರು ಹುಟ್ಟಿದ ಸುಳೇಭಾವಿ ಇಲ್ಲೇ ಪಕ್ಕದಲ್ಲಿದೆ. ರಾಗದ ಗುಂಗಿನಿಂದ ತಪ್ಪಿಸಿಕೊಳ್ಳುವುದು ನಮಗೆ ಸುಲಭವಲ್ಲ. ಅವನಿಗೆ ಅಂದು ಬಾಯಿಮಾತಿನಲ್ಲಿ ಹೇಳಿದ್ದನ್ನು ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ, ಇದೇ ಗೊಂದಲದಲ್ಲಿ ಇರುವ ಬೇರೆಯವರಿಗೂ ಆದೀತು ಎಂದು.

ಕಲಾವಿದರ ಹೆಸರಿನ ಗಿಟಾರ್ ಹೊಸ ಸಂಗತಿಯೇನಲ್ಲ. ಗಿಬ್ಸನ್ ಕಂಪನಿ ಲೆಸ್ ಪಾಲ್ ಹೆಸರಿನ ಗಿಟಾರನ್ನು 1952ರಲ್ಲೇ ತಂದಿತ್ತು. ವಾದ್ಯಕ್ಕೂ ವಾದಕನಿಗೂ ಹೆಸರಿನ ನಂಟು ಬೆಸೆಯುವ ಆಸೆ ಅದಕ್ಕಿಂತ ಎಷ್ಟೋ ಹಳೆಯದು. ವಿಜಯಪುರದ ಎರಡನೇ ಇಬ್ರಾಹಿಂ ಆದಿಲ್‌ಶಾಹಿ ತನ್ನ ತಂಬೂರಿಗೆ ಮೋತಿಖಾನ್ ಎಂದು ಹೆಸರಿಟ್ಟು, ಮನೆಯ ಮನುಷ್ಯನಂತೆ ಕಂಡಿದ್ದ. ಆ ಪ್ರೀತಿ ನನಗೆ ಅರ್ಥವಾಗುತ್ತದೆ. ಆದರೆ ಕಲಾವಿದರು ತಮ್ಮ ಗಿಟಾರಿಗೆ ಸೇರಿಸಿಕೊಂಡ ಪ್ರತಿಯೊಂದು ವಿಚಿತ್ರ ಅಂಗವೂ ಅವರವರ ಕೈಯ ತೊಂದರೆಗೆ ಅವರೇ ಹುಡುಕಿಕೊಂಡ ಪರಿಹಾರ. ಆ ತೊಂದರೆ ನಮಗೂ ಇದೆಯೇ ಎಂದು ನೋಡದೆ ಪರಿಹಾರವನ್ನು ಮಾತ್ರ ಕೊಂಡುಕೊಂಡರೆ ಹಣ ಹಾಳು. ಅದಕ್ಕೇ ಇಲ್ಲಿ ನಾಲ್ಕು ಗಿಟಾರ್‌ಗಳನ್ನು ಅವುಗಳ ವಿಶೇಷ ಅಂಗಗಳ ಮೂಲಕವೇ ತೂಗಿ ನೋಡಿದ್ದೇನೆ.

ಮೊದಲು ಅವನು ಮೆಚ್ಚಿದ್ದು, ಅಮೆರಿಕದ ರಾಕ್ ಗಿಟಾರಿಸ್ಟ್ ಸ್ಟೀವ್ ವಾಯ್ ಅವರಿಗಾಗಿ ಐಬನೆಜ್ ಕಂಪನಿ ಮಾಡಿದ ಜೆಮ್. 1987ರಲ್ಲಿ ಬಂದದ್ದು. ಮೈಯಲ್ಲಿರುವ ಹಿಡಿಕೆ ಎದ್ದು ಕಾಣುತ್ತದೆ, ವೇದಿಕೆಯ ಮೇಲೆ ಗಿಟಾರನ್ನು ಎತ್ತಿ ಆಡಿಸಲು ಅನುಕೂಲ. ನಾದಕ್ಕೆ ಅದರಿಂದ ಹೇಳಿಕೊಳ್ಳುವಂಥ ಲಾಭವಿಲ್ಲ. ಅದರ ಬಗ್ಗೆ ಇಷ್ಟು ಸಾಕು. ನಿಜವಾದ ವಿಶೇಷ ಇರುವುದು ಬ್ರಿಡ್ಜಿನಲ್ಲಿ, ಅಂದರೆ ಮೈಮೇಲೆ ತಂತಿಗಳು ಕೂರುವ ಕುದುರೆಯಲ್ಲಿ. ಎರಡೂ ತುದಿಯಲ್ಲಿ ತಂತಿಯನ್ನು ಬಿಗಿಹಿಡಿಯುವ, ಸ್ಪ್ರಿಂಗಿನ ಮೇಲೆ ತೇಲುವ ಟ್ರೆಮೊಲೊ, ಅಂದರೆ ಕಡ್ಡಿಯಿಂದ ಸ್ವರವನ್ನು ಅಲುಗಿಸುವ ಸಾಧನ. ಬ್ರಿಡ್ಜಿನ ಹಿಂದೆ ಮರವನ್ನು ಸಿಂಹದ ಪಂಜ ಗೀರಿದಂತೆ ಕೆತ್ತಿದ್ದಾರೆ. ಕಡ್ಡಿಯನ್ನು ಕೆಳಗೆ ಒತ್ತಿ ಸ್ವರವನ್ನು ಇಳಿಸುವುದಷ್ಟೇ ಅಲ್ಲ, ಮೇಲಕ್ಕೆಳೆದು ಏರಿಸಲೂ ಬೇಕಾದಷ್ಟು ಜಾಗವಿದೆ. ಕಡ್ಡಿಯ ಮೇಲೆ ಹಿಡಿತವಿದ್ದವರು ಅದರಿಂದ ಸ್ವರವನ್ನು ಮಾತಾಡಿಸುತ್ತಾರೆ. ವಾಯ್ ನುಡಿಸುವುದನ್ನು ಕೇಳಿದಾಗ ಇದು ಯಂತ್ರದ ಕೆಲಸ ಅನ್ನಿಸುವುದೇ ಇಲ್ಲ.

ಆದರೆ ನಮ್ಮ ಮಂಟಪಗಳಲ್ಲಿ ಏನಾಗುತ್ತದೆ ಎಂದರೆ, ತೇಲುವ ಬ್ರಿಡ್ಜಿನಲ್ಲಿ ಒಂದು ಕಡೆ ಆರು ತಂತಿಗಳ ಎಳೆತ, ಇನ್ನೊಂದು ಕಡೆ ಸ್ಪ್ರಿಂಗುಗಳ ಎಳೆತ. ತಕ್ಕಡಿ ಸಮ ನಿಂತಿರುವತನಕ ಎಲ್ಲ ಸರಿ. ಒಂದು ತಂತಿ ಹರಿದರೆ ಸ್ಪ್ರಿಂಗು ಗೆಲ್ಲುತ್ತದೆ, ಬ್ರಿಡ್ಜು ಹಿಂದಕ್ಕೆ ವಾಲುತ್ತದೆ, ಉಳಿದ ಐದೂ ತಂತಿಗಳು ಒಮ್ಮೆಗೇ ಶ್ರುತಿ ಏರಿಬಿಡುತ್ತವೆ. ಶಹಾಪುರದ ಒಂದು ಮಂಟಪದಲ್ಲಿ ಎರಡನೇ ಹಾಡಿನ ಮಧ್ಯೆ ನನಗೆ ಇದೇ ಆಯಿತು. ಎರವಲು ತಂದ ಗಿಟಾರು, ತಂತಿಯ ಬೀಗ ಬಿಚ್ಚುವ ಅಲನ್ ಕೀಯನ್ನು ಮನೆಯಲ್ಲೇ ಬಿಟ್ಟು ಬಂದಿದ್ದೆ. ಕೀಬೋರ್ಡಿನವರು ನನ್ನ ಪಾಲನ್ನೂ ನುಡಿಸಿದರು, ನಾನು ಹಾಡು ಮುಗಿಯುವವರೆಗೆ ಸುಮ್ಮನೆ ನಿಂತೆ. ಇನ್ನೊಂದು ಕಷ್ಟವೂ ಇದೆ. ಗಾಯಕರು ಬಂದು "ಇವತ್ತ ಗಂಟಲ ಸರಿ ಇಲ್ರಿ, ಅರ್ಧ ಇಳಸ್ರಿ" ಅಂದರೆ ಸಾದಾ ಗಿಟಾರಿನಲ್ಲಿ ಎರಡು ನಿಮಿಷದ ಕೆಲಸ. ಇದರಲ್ಲಿ ಬೀಗ ಬಿಚ್ಚಬೇಕು, ಒಂದು ತಂತಿ ಇಳಿಸಿದರೆ ಇನ್ನೊಂದು ಏರುತ್ತದೆ, ಸುತ್ತಿಸುತ್ತಿ ಸರಿಪಡಿಸಬೇಕು.

ಜೆಮ್‌ನಲ್ಲಿ ನನಗೆ ಬಹಳ ಇಷ್ಟವಾದ ಗುಣವನ್ನು ಜಾಹೀರಾತುಗಳು ದೊಡ್ಡದಾಗಿ ಹೇಳುವುದಿಲ್ಲ. ಅದರ ಫ್ರೆಟ್‌ಬೋರ್ಡ್, ಅಂದರೆ ಫ್ರೆಟ್ ಎನ್ನುವ ಲೋಹದ ಪಟ್ಟಿಗಳನ್ನು ಕೂರಿಸಿದ, ಬೆರಳಿಡುವ ಹಲಗೆ, ಬಹುತೇಕ ಸಪಾಟು. ಅದರ ಬಾಗು 430 ಮಿಲಿಮೀಟರ್ ತ್ರಿಜ್ಯದ ವೃತ್ತದ ತುಣುಕು. ಫೆಂಡರ್ ಕಂಪನಿಯ ಗಿಟಾರುಗಳ ಬಾಗು ಸಾಮಾನ್ಯವಾಗಿ ಒಂಬತ್ತೂವರೆ ಇಂಚಿನದು, ಅಂದರೆ ಸುಮಾರು 241 ಮಿಲಿಮೀಟರ್. ಬಾಗು ಹೆಚ್ಚಿದ್ದಲ್ಲಿ ತಂತಿಯನ್ನು ಅಡ್ಡಕ್ಕೆ ದೂರ ಎಳೆದಾಗ ಅದು ಮೇಲಿನ ಫ್ರೆಟ್ಟಿಗೆ ತಾಗಿ ನಾದ ಕತ್ತರಿಸಿದಂತೆ ನಿಲ್ಲುತ್ತದೆ. ಸಪಾಟು ಇದ್ದಲ್ಲಿ ನಿಲ್ಲುವುದಿಲ್ಲ. ಮೀಂಡ್, ಅಂದರೆ ತಂತಿ ಎಳೆದು ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವುದು, ಬೇಕೆನ್ನುವವನಿಗೆ ಹಿಡಿಕೆಗಿಂತ, ಬಳ್ಳಿಯ ಕುಸುರಿಗಿಂತ ಇದೇ ದೊಡ್ಡ ಸಂಪತ್ತು.

ಇನ್ನು ಸ್ವೀಡನ್ನಿನ ಗಿಟಾರಿಸ್ಟ್ ಇಂಗ್ವೆ ಮಾಲ್ಮ್‌ಸ್ಟೀನ್ ಅವರ ಫೆಂಡರ್ ಸ್ಟ್ರ್ಯಾಟೋಕಾಸ್ಟರ್, ಚಿಕ್ಕದಾಗಿ ಸ್ಟ್ರ್ಯಾಟ್. ಇದು ಬಂದದ್ದು 1988ರಲ್ಲಿ. ಕಣ್ಣಿಗೆ ಸಾಧಾರಣ ಗಿಟಾರಿನಂತೆಯೇ ಕಾಣುತ್ತದೆ, ಬೆರಳಿಟ್ಟಾಗ ಬೆಚ್ಚಿಬೀಳುತ್ತೀರಿ. ಫ್ರೆಟ್ಟಿನಿಂದ ಫ್ರೆಟ್ಟಿಗೆ ನಡುವಿನ ಮರವನ್ನೆಲ್ಲ ಬೋಗುಣಿಯಂತೆ ಕೆರೆದಿದ್ದಾರೆ. ಜೆಮ್‌ನಲ್ಲಿ ಇದೇ ಕೆತ್ತನೆ ಕೊನೆಯ ನಾಲ್ಕು ಫ್ರೆಟ್‌ಗಳಲ್ಲಿ ಮಾತ್ರ, 21ರಿಂದ 24ರವರೆಗೆ. ಇಲ್ಲಿ ಮೊದಲಿನಿಂದ ಕೊನೆಯವರೆಗೂ ಇದೆ. ಬೆರಳ ತುದಿಗೆ ತಂತಿ ಮಾತ್ರ ಸಿಗುತ್ತದೆ, ಮರ ಸಿಗುವುದಿಲ್ಲ. ಸ್ಕ್ಯಾಲಪ್ ಎಂದು ಅದಕ್ಕೆ ಹೆಸರು. ಹುಡುಗನಾಗಿದ್ದಾಗ ವಾದ್ಯ ರಿಪೇರಿ ಅಂಗಡಿಯಲ್ಲಿ ಕೆಲಸಕ್ಕಿದ್ದ ಮಾಲ್ಮ್‌ಸ್ಟೀನ್ ಅಲ್ಲಿಗೆ ಬಂದ ಒಂದು ಹಳೆಯ ಲ್ಯೂಟ್ ವಾದ್ಯದಲ್ಲಿ ಇಂಥ ಕೆತ್ತನೆ ನೋಡಿ ತಾನೂ ಮಾಡಿಕೊಂಡರಂತೆ.

ನಮಗೆ ಲ್ಯೂಟ್ ಯಾಕೆ, ಸಿತಾರ್ ಇದೆಯಲ್ಲ! ಸಿತಾರಿನ ಪರದೆಗಳು ಕಮಾನಿನಂತೆ ಮರದಿಂದ ಎತ್ತರಕ್ಕೆ ನಿಂತಿರುತ್ತವೆ. ವೀಣೆಯಲ್ಲಿ ಮೇಣದ ದಿಂಡಿನ ಮೇಲೆ ಮೆಟ್ಟಿಲು ಕೂರಿಸುತ್ತಾರೆ. ಎರಡರಲ್ಲೂ ಬೆರಳಿನ ಕೆಳಗೆ ಖಾಲಿ ಜಾಗ. ಆ ಖಾಲಿ ಜಾಗದಿಂದಲೇ ಬೆರಳು ತಂತಿಯನ್ನು ಬುಡದಿಂದ ಹಿಡಿದು ಎಳೆಯಬಲ್ಲದು. ಗಮಕ ಬಲ ಪಡೆಯುವುದೂ ಅಲ್ಲಿಂದಲೇ. ಇಂಗ್ಲೆಂಡಿನ ಜಾಝ್ ಗಿಟಾರಿಸ್ಟ್ ಜಾನ್ ಮೆಕ್‌ಲಾಫ್ಲಿನ್ 70ರ ದಶಕದಲ್ಲಿ ಭಾರತೀಯ ಸಂಗೀತಗಾರರೊಂದಿಗೆ ಕಟ್ಟಿದ ಶಕ್ತಿ ತಂಡಕ್ಕಾಗಿ ಮಾಡಿಸಿಕೊಂಡ ಗಿಟಾರಿನಲ್ಲೂ ಫ್ರೆಟ್‌ಬೋರ್ಡನ್ನು ಹೀಗೆಯೇ ಕೆತ್ತಿಸಿದ್ದರು, ಜೊತೆಗೆ ಅಡ್ಡಕ್ಕೆ ಏಳು ಶ್ರುತಿತಂತಿಗಳು. ಹೆವಿ ಮೆಟಲ್ ಸಂಗೀತದಲ್ಲಿ ಅಬ್ಬರಿಸುವ ಮಾಲ್ಮ್‌ಸ್ಟೀನ್, ಜಾಕಿರ್ ಹುಸೇನರ ತಬಲಾದ ಪಕ್ಕ ಕೂತ ಮೆಕ್‌ಲಾಫ್ಲಿನ್, ಇಬ್ಬರೂ ಬೇರೆಬೇರೆ ದಾರಿಯಿಂದ ಒಂದೇ ಕಡೆ ಬಂದು ತಲುಪಿದರು ಎನ್ನುವುದು ನನಗೆ ಇಂದಿಗೂ ಬೆರಗು.

ಈ ಕೆತ್ತನೆ ಕೊಡುವುದೇನು, ಕೊಡದೆ ಇರುವುದೇನು ಎನ್ನುವುದನ್ನು ಬಿಡಿಸಿ ಹೇಳಬೇಕು, ಯಾಕೆಂದರೆ ಇದರ ಬಗ್ಗೆಯೇ ಅತಿ ಹೆಚ್ಚು ತಪ್ಪು ಕಲ್ಪನೆ. ಸ್ಕ್ಯಾಲಪ್ ಮಾಡಿದ ಮಾತ್ರಕ್ಕೆ ಮೀಂಡಿನ ಉದ್ದ ಹೆಚ್ಚಾಗದು. ಸಾದಿಂದ ಎಷ್ಟು ಮೇಲೆ ಎಳೆಯಬಹುದು ಎನ್ನುವುದನ್ನು ತಂತಿಯ ದಪ್ಪ, ಬಿಗಿತ, ಬೋರ್ಡಿನ ಬಾಗು ನಿರ್ಧರಿಸುತ್ತವೆ. ಕೆತ್ತನೆ ಕೊಡುವುದು ಹಿಡಿತವನ್ನು. ಬೆರಳು ಜಾರುವುದಿಲ್ಲ, ಮರಕ್ಕೆ ಉಜ್ಜುವುದಿಲ್ಲ, ಭೀಮಪಲಾಸದ ಕೋಮಲ ನಿಷಾದವನ್ನು ಆಂದೋಲನದಲ್ಲಿ ತೂಗುವಾಗ ಸಣ್ಣಸಣ್ಣ ಏರಿಳಿತವೂ ಬೆರಳಿಗೆ ತಿಳಿಯುತ್ತದೆ. ಇದರ ಬೆಲೆಯನ್ನು ಕಾರ್ಡ್, ಅಂದರೆ ಹಲವು ಸ್ವರ ಒಟ್ಟಿಗೆ, ನುಡಿಸುವಾಗ ತೆರಬೇಕು. ಆರು ತಂತಿ ಒಟ್ಟಿಗೆ ಒತ್ತಿದಾಗ ಬೆರಳಿಗೆ ತಡೆ ಇಲ್ಲ. ಸ್ವಲ್ಪ ಜೋರು ಬಿದ್ದರೂ ಆ ತಂತಿ ಬೇಸೂರು. ಆರ್ಕೆಸ್ಟ್ರಾದಲ್ಲಿ ಮೂರು ಗಂಟೆ ಕಾರ್ಡ್ ಹೊಡೆಯುವವನ ಕೈ ಎರಡನೇ ಗಂಟೆಗೆ ದಣಿದು ಬಿಗಿಯಾಗುತ್ತದೆ, ಬಿಗಿಯಾದ ಕೈ ಜೋರಾಗಿ ಒತ್ತುತ್ತದೆ. ಇಂಥ ಬೋರ್ಡಿನ ಮೇಲೆ ಮೊದಲ ತಿಂಗಳು ನನ್ನ ನುಡಿಸಾಣಿಕೆ ಪೂರ್ತಿ ಬೇಸೂರಾಗಿತ್ತು. ಹಗುರ ಕೈ ಕಲಿತ ಮೇಲೆ ಮತ್ತೆ ಸಾದಾ ಬೋರ್ಡಿಗೆ ಹೋದರೆ, ಅಲ್ಲಿಯೂ ಕೈ ಸುಧಾರಿಸಿತ್ತು.

ಒಂದು ಎಚ್ಚರಿಕೆ. ಹೊಸ ಗಿಟಾರ್ ಬೇಡ, ಇದ್ದುದನ್ನೇ ಕೆರೆಸಿಕೊಳ್ಳುತ್ತೇನೆ ಎಂದು ಹೊರಡುವವರಿದ್ದಾರೆ. ಮಿರಜಿನಲ್ಲಿ ಸಿತಾರ್, ತಂಬೂರಿ ಮಾಡುವ ಮನೆತನಗಳಿವೆ, ರೈಲು ಹತ್ತಿದರೆ ಮಧ್ಯಾಹ್ನದೊಳಗೆ ತಲುಪಬಹುದು. ಮರದ ಕೆಲಸವನ್ನು ಅವರ ಕೈ ಬಲ್ಲದು. ಆದರೂ ಇರುವ ಒಂದೇ ಗಿಟಾರನ್ನು ಮಾತ್ರ ಕೆರೆಸಬೇಡಿ. ಹೋದ ಮರ ಮರಳಿ ಬರುವುದಿಲ್ಲ. ನೆಕ್ಕಿನೊಳಗಿನ ಕಬ್ಬಿಣದ ಸರಳಿನ ಆಳ ತಿಳಿಯದೆ ಕೆರೆದವರು ನೆಕ್ಕನ್ನೇ ಕಳೆದುಕೊಂಡದ್ದನ್ನು ನೋಡಿದ್ದೇನೆ. ಅದರ ಬದಲು ಎತ್ತರದ ಜಂಬೋ ಫ್ರೆಟ್ ಹಾಕಿಸಿ. ಅರ್ಧಕ್ಕಿಂತ ಹೆಚ್ಚು ಅನುಭವ ಅದರಲ್ಲೇ ಸಿಗುತ್ತದೆ, ಬೇಡವಾದರೆ ಬದಲಿಸಲೂಬಹುದು.

ಮೂರನೆಯದು ಇಂಗ್ಲೆಂಡಿನ ಗಿಟಾರಿಸ್ಟ್ ಎರಿಕ್ ಕ್ಲಾಪ್ಟನ್ ಸ್ಟ್ರ್ಯಾಟೋಕಾಸ್ಟರ್. ಫೆಂಡರ್ ಕಂಪನಿ ಕಲಾವಿದನ ಹೆಸರಿನಲ್ಲಿ ತಂದ ಮೊದಲ ಗಿಟಾರು ಇದೇ, ಇದೂ 1988ರದ್ದೇ. ಹೊರಗಿನಿಂದ ಅಚ್ಚರಿಯ ಅಂಗ ಒಂದೂ ಇಲ್ಲ. ಟ್ರೆಮೊಲೊ ಇದೆ, ಆದರೆ ಅಲುಗಾಡದಂತೆ ಮರದ ತುಂಡು ಸಿಕ್ಕಿಸಿ ನಿಲ್ಲಿಸಿದ್ದಾರೆ, ಕ್ಲಾಪ್ಟನ್ ಅದನ್ನು ಬಳಸುವುದೇ ಇಲ್ಲ. ಎಲ್ಲ ವಿಶೇಷವೂ ಒಳಗಿನ ಸರ್ಕ್ಯೂಟಿನಲ್ಲಿ. ಒಂಬತ್ತು ವೋಲ್ಟಿನ ಬ್ಯಾಟರಿಯಿಂದ ನಡೆಯುವ ಬೂಸ್ಟ್ ಒಂದಿದೆ. ಒಂದು ಗುಂಡಿ ತಿರುಗಿಸಿದರೆ ಮಧ್ಯದ ಧ್ವನಿ 25 ಡೆಸಿಬೆಲ್‌ವರೆಗೆ ಏರುತ್ತದೆ. ತೆಳು ದನಿಯ ಸ್ಟ್ರ್ಯಾಟ್ ಒಮ್ಮೆಲೇ ದಪ್ಪ ದನಿಯ ಗಿಟಾರಾಗುತ್ತದೆ. ಹಾಡಿನ ನಡುವಿನ ಸೋಲೊಗೆ ಕಾಲಡಿಯ ಪೆಡಲ್ ಹುಡುಕಬೇಕಿಲ್ಲ, ಕಿರುಬೆರಳು ಸಾಕು.

ನಮ್ಮಲ್ಲಿ ಇದರ ನಿಜವಾದ ಉಪಕಾರ ಬೇರೆ ಇದೆ. ಸಾದಾ ಸಿಂಗಲ್ ಕಾಯಿಲ್ ಪಿಕಪ್ ಎಂದರೆ ಅಯಸ್ಕಾಂತದ ಸುತ್ತ ತಂತಿಯ ಸುರುಳಿ. ಗಿಟಾರಿನ ತಂತಿಯ ಕಂಪನವನ್ನು ಹಿಡಿಯುವಂತೆಯೇ ಸುತ್ತಲಿನ ವಿದ್ಯುತ್ತಿನ ಕಂಪನವನ್ನೂ ಹಿಡಿಯುತ್ತದೆ. ನಮ್ಮ ದೇಶದ ವಿದ್ಯುತ್ತು ಸೆಕೆಂಡಿಗೆ 50 ಸಲ ಕಂಪಿಸುತ್ತದೆ. ಅದರಿಂದ ಹುಟ್ಟುವ 50 ಮತ್ತು 100ರ ಗುಂಯ್ ಸದ್ದು ಗಿಟಾರಿನ ದಪ್ಪ ತಂತಿಯ ಮೂರನೇ ಫ್ರೆಟ್ಟಿನ ಸ್ವರಕ್ಕೆ ಬಹಳ ಹತ್ತಿರ. ಆ ಸ್ವರ ಸೆಕೆಂಡಿಗೆ 98 ಸಲ ಕಂಪಿಸುತ್ತದೆ. ಅಂದರೆ ಕರೆಯದೆ ಬಂದ ಒಂದು ಸುಳ್ಳು ತಂಬೂರಿ ಹಿಂದೆ ನುಡಿಯುತ್ತಲೇ ಇರುತ್ತದೆ, ಅದೂ ನಿಮ್ಮ ಷಡ್ಜದಲ್ಲಲ್ಲ. ಮಂಟಪದಲ್ಲಿ ಜನರೇಟರು, ದೀಪದ ಸರ, ಡಿಮ್ಮರು, ಆಂಪ್ಲಿಫೈಯರು ಎಲ್ಲ ಒಂದೇ ಲೈನಿನಲ್ಲಿ, ಅರ್ಥಿಂಗ್ ಇರುವುದಿಲ್ಲ. ಕ್ಲಾಪ್ಟನ್ ಗಿಟಾರಿನ ನಾಯ್ಸ್‌ಲೆಸ್ ಪಿಕಪ್‌ನಲ್ಲಿ ಒಂದರ ಮೇಲೊಂದು ಎರಡು ಸುರುಳಿಗಳಿವೆ. ಹೊರಗಿನ ಗುಂಯ್ ಸದ್ದು ಎರಡರಲ್ಲೂ ಎದುರುಬದುರಾಗಿ ಬಂದು ಅಲ್ಲೇ ಅಡಗುತ್ತದೆ. ಮಾಲ್ಮ್‌ಸ್ಟೀನ್ ಗಿಟಾರಿನಲ್ಲೂ ಇದೇ ಜಾತಿಯ ಪಿಕಪ್ ಇದೆ. ಹಳ್ಳಿಯ ಜಾತ್ರೆಗೆ ಹೋಗಿ ನುಡಿಸುವವನಿಗೆ ಇದಕ್ಕಿಂತ ದೊಡ್ಡ ಸೌಲಭ್ಯವನ್ನು ನಾನು ಕಾಣೆ.

ಬ್ಯಾಟರಿಯ ಬಗ್ಗೆ ಮಾತ್ರ ಜೋಪಾನ. ಕೇಬಲ್ಲು ಚುಚ್ಚಿಟ್ಟಷ್ಟು ಹೊತ್ತೂ ಅದು ಖರ್ಚಾಗುತ್ತದೆ, ನುಡಿಸಿದರೂ ನುಡಿಸದಿದ್ದರೂ. ಬಿಡುವಿನಲ್ಲಿ ಚಹಾಕ್ಕೆ ಹೋಗುವಾಗ ಕೇಬಲ್ ಕಿತ್ತಿಡುವ ರೂಢಿ ಬೇಕು, ಚೀಲದಲ್ಲಿ ಇನ್ನೊಂದು ಬ್ಯಾಟರಿ ಬೇಕು.

ನಾಲ್ಕನೆಯದಕ್ಕೆ ಬರಲು ನನಗೆ ಮೊದಲಿನಿಂದಲೂ ಆತುರ. ಬ್ರಯಾನ್ ಮೇ ಅವರ ರೆಡ್ ಸ್ಪೆಷಲ್. ಕೊಳ್ಳಲು ಹಣವಿಲ್ಲದ ಹದಿಹರೆಯದ ಹುಡುಗ ತಂದೆ ಹೆರಾಲ್ಡ್ ಜೊತೆ ಕೂತು 1963ರಲ್ಲಿ ಮನೆಯಲ್ಲೇ ಮಾಡತೊಡಗಿದ ಗಿಟಾರು. ನೆಕ್ಕಿಗೆ ಹಳೆಯ ಬೆಂಕಿಗೂಡಿನ ಚೌಕಟ್ಟಿನ ಮರ, ಅದರಲ್ಲಿ ಹುಳ ಕೊರೆದ ತೂತುಗಳಿಗೆ ಬೆಂಕಿಕಡ್ಡಿಯ ಬೆಣೆ. ಟ್ರೆಮೊಲೊ ತೂಗುವುದು ಒಂದು ಹಳೆಯ ಚಾಕುವಿನ ಅಲಗಿನ ಮೇಲೆ, ಅದಕ್ಕೆ ಮೋಟಾರ್ ಸೈಕಲ್ಲಿನ ವಾಲ್ವ್ ಸ್ಪ್ರಿಂಗುಗಳು. ಕಡ್ಡಿಯ ತುದಿಗೆ ತಾಯಿಯ ಹೆಣಿಗೆ ಸೂಜಿಯ ತುಂಡು, ಫ್ರೆಟ್‌ಬೋರ್ಡಿನ ಚುಕ್ಕಿಗಳಿಗೆ ತಾಯಿಯ ಡಬ್ಬದ ಮುತ್ತಿನ ಗುಂಡಿಗಳು. ಆ ಒಂದೇ ಗಿಟಾರಿನೊಂದಿಗೆ ಅವರು ಕ್ವೀನ್ ಎಂಬ ರಾಕ್ ತಂಡದಲ್ಲಿ ಲೋಕ ಸುತ್ತಿದರು. ಬ್ರಯಾನ್ ಮೇ ಗಿಟಾರ್ಸ್ ಹೆಸರಿನಲ್ಲಿ ಅದೇ ಮಾದರಿಯ ಗಿಟಾರ್‌ಗಳು ಈಗ ಕೊಳ್ಳಲು ಸಿಗುತ್ತವೆ.

ಅದರ ಮೈಮೇಲೆ ಆರು ಚಿಕ್ಕ ಸ್ವಿಚ್ಚುಗಳಿವೆ. ನೋಡಿದವರು ಗೊಂದಲ ಎನ್ನುತ್ತಾರೆ, ನನ್ನ ಅಣ್ಣನ ಮಗನೂ ಅಂದ. ಅಸಲಿಗೆ ಇದರಷ್ಟು ನೇರವಾದ ವ್ಯವಸ್ಥೆ ಬೇರೆ ಇಲ್ಲ. ಮೂರು ಪಿಕಪ್, ಪ್ರತಿಯೊಂದಕ್ಕೆ ಎರಡು ಸ್ವಿಚ್ಚು. ಒಂದು ಹಚ್ಚಿ ಆರಿಸಲು, ಇನ್ನೊಂದು ಅದರ ಅಲೆಯನ್ನು ತಿರುವುಮುರುವು ಮಾಡಲು. ಎರಡು ಪಿಕಪ್ ಹಚ್ಚಿ ಒಂದರ ಅಲೆ ತಿರುಗಿಸಿದರೆ ಎರಡರಲ್ಲೂ ಸಮಾನವಾಗಿರುವ ಕೆಳಧ್ವನಿ ಒಂದನ್ನೊಂದು ಕಳೆದುಕೊಂಡು, ವ್ಯತ್ಯಾಸವಿರುವ ಮೇಲಿನ ಧ್ವನಿ ಉಳಿಯುತ್ತದೆ. ಮೂಗಿನಿಂದ ಹಾಡಿದಂಥ ಚೂಪು ನಾದ. ಒಬ್ಬನೇ ಗಿಟಾರಿಸ್ಟ್ ಇರುವ ನಮ್ಮ ಆರ್ಕೆಸ್ಟ್ರಾದಲ್ಲಿ ಹಳೆಯ ಹಾಡುಗಳ ಶಹನಾಯಿಯ ಪಾಲನ್ನು ನಾನು ಈ ನಾದದಲ್ಲಿ ನುಡಿಸುತ್ತೇನೆ, ಕೇಳುವವರು ತಲೆ ಎತ್ತಿ ನೋಡುತ್ತಾರೆ. ಅದೇ ಪಿಕಪ್‌ಗಳ ಅಲೆ ಸರಿದಿಕ್ಕಿಗೆ ಇಟ್ಟರೆ, ಒಂದರ ಹಿಂದೊಂದು ಸರಣಿಯಲ್ಲಿ ಜೋಡಿಸಿರುವುದರಿಂದ, ತುಂಬಿದ ದಪ್ಪ ದನಿ. ಇದಕ್ಕೆ ಬ್ಯಾಟರಿಯೂ ಬೇಡ.

ಮೀಂಡಿನ ವಿಷಯದಲ್ಲೂ ಇದು ಸದ್ದಿಲ್ಲದೆ ಮುಂದಿದೆ. ಇದರ ತಂತಿಯ ಅಳತೆ 24 ಇಂಚು, ಸ್ಟ್ರ್ಯಾಟಿನದು ಇಪ್ಪತ್ತೈದೂವರೆ. ಒಂದೇ ತಂತಿಯನ್ನು ಒಂದೇ ಶ್ರುತಿಗೆ ಏರಿಸಿದಾಗ ಬಿಗಿತ ಉದ್ದದ ವರ್ಗದಂತೆ ಬದಲಾಗುತ್ತದೆ. ಲೆಕ್ಕ ಹಾಕಿದರೆ ಇಲ್ಲಿ ಶೇಕಡಾ 11ರಷ್ಟು ಕಡಿಮೆ. ತೆಳು ತಂತಿ ಹಾಕಿದರೆ ಸಾದಿಂದ ಶುದ್ಧ ಗಾಂಧಾರದವರೆಗೆ ಬೆರಳು ನೋಯದೆ ಹೋಗುತ್ತದೆ. ದೊಡ್ಡ ಬೆರಳಿನವರಿಗೆ ಮೇಲಿನ ಫ್ರೆಟ್‌ಗಳಲ್ಲಿ ಜಾಗ ಸಾಲದು, ಅದು ನಿಜ. ಪಿಕಪ್‌ಗಳು ಸಿಂಗಲ್ ಕಾಯಿಲ್, ಒಂದನ್ನೇ ಹಚ್ಚಿದಾಗ ಗುಂಯ್ ಸದ್ದು ಬರುತ್ತದೆ, ಅದೂ ನಿಜ.

ವೇದಿಕೆಯಲ್ಲಿ ಸದ್ದನ್ನು ಟಕಟಕ ಕತ್ತರಿಸುವ ಕಿಲ್ ಸ್ವಿಚ್ ಗುಂಡಿಗಾಗಿ ಟಾಮ್ ಮೊರೆಲ್ಲೊ ಹೆಸರಿನ ಸ್ಟ್ರ್ಯಾಟನ್ನೋ ಬಕೆಟ್‌ಹೆಡ್ ಹೆಸರಿನ ಲೆಸ್ ಪಾಲನ್ನೋ ಬಯಸುವವರಿದ್ದಾರೆ. ಆ ಗುಂಡಿ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಚಿಲ್ಲರೆ ಕಾಸಿಗೆ ಸಿಗುತ್ತದೆ, ಬೆಸುಗೆ ಹಾಕಲು ಹತ್ತು ನಿಮಿಷ. ಎರಡು ವಾಲ್ಯೂಮ್ ಇರುವ ಗಿಟಾರಾದರೆ ಒಂದನ್ನು ಸೊನ್ನೆಗೆ ಇಳಿಸಿ ಪಿಕಪ್ ಸ್ವಿಚ್ಚನ್ನೇ ಆಡಿಸಬಹುದು. ಸಿತಾರಿನ ದನಿಯನ್ನೇ ಬಯಸುವವರೂ ಇದ್ದಾರೆ. 1967ರಲ್ಲಿ ಗಿಟಾರಿಸ್ಟ್ ವಿನ್ಸೆಂಟ್ ಬೆಲ್ ಹೆಸರಿನಲ್ಲಿ ಬಂದ ಕೋರಲ್ ಎಲೆಕ್ಟ್ರಿಕ್ ಸಿತಾರಿಗೆ ತಾವಾಗಿಯೇ ಜೊತೆಗೆ ಮಿಡಿಯುವ 13 ತರಬ್ ತಂತಿಗಳಿವೆ, ಸಿತಾರಿನ ಜವಾರಿ ಕುದುರೆಯಂತೆ ಝೇಂಕರಿಸುವ ಸಪಾಟು ಬ್ರಿಡ್ಜೂ ಇದೆ. ಕೇಳಲು ಮೋಜು, ಆದರೆ ನಿಜವಾದ ಸಿತಾರಿನ ಜವಾರಿ ಕೇಳಿ ಬೆಳೆದ ಕಿವಿಗೆ ಅದು ಸಾಲುವುದಿಲ್ಲ.

ನಮ್ಮ ಹವೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೆಳಗಾವಿಯ ಗೋಡೆಗಳೇ ಬೆವರುತ್ತವೆ. ಮರ ನೀರು ಕುಡಿದು ನೆಕ್ಕು ಬಾಗುತ್ತದೆ, ತಂತಿಗೆ ವಾರದಲ್ಲಿ ತುಕ್ಕು. ಅದೇ ಗಿಟಾರನ್ನು ಮೇ ತಿಂಗಳಲ್ಲಿ ವಿಜಯಪುರದ ಕಾರ್ಯಕ್ರಮಕ್ಕೆ ಒಯ್ದರೆ ಬಿಸಿಲಿಗೆ ಮರ ಒಣಗಿ ಫ್ರೆಟ್ಟಿನ ತುದಿಗಳು ಅಂಗೈಗೆ ಚುಚ್ಚುತ್ತವೆ. ನೆಕ್ಕು ಸ್ವಲ್ಪ ಬಾಗಿದರೂ ತೇಲುವ ಬ್ರಿಡ್ಜಿನ ತಕ್ಕಡಿ ಕೆಡುತ್ತದೆ, ಅದರ ಸಣ್ಣ ತಿರುಪುಗಳಿಗೆ ತುಕ್ಕು ಹಿಡಿದರೆ ಅಲನ್ ಕೀ ಜಾರುತ್ತದೆ. ಬ್ರಿಡ್ಜು ಅಲುಗಾಡದ ಕ್ಲಾಪ್ಟನ್ ಗಿಟಾರು ಈ ಎರಡೂ ಊರುಗಳ ನಡುವೆ ಬಹಳ ಕಡಿಮೆ ತಕರಾರು ಮಾಡುತ್ತದೆ.

ಅಣ್ಣನ ಮಗನಿಗೆ ಕೊನೆಗೆ ಹೇಳಿದ್ದು ಹೀಗೆ. ಮನೆಯಲ್ಲಿ ಕೂತು ರಾಗವನ್ನೇ ನುಡಿಸುವುದಾದರೆ ಮಾಲ್ಮ್‌ಸ್ಟೀನ್, ಎರಡನೇ ಮಾತಿಲ್ಲ. ಬದುಕೇ ಜಾತ್ರೆ, ಮಂಟಪ, ಮದುವೆ ಎನ್ನುವುದಾದರೆ ಕ್ಲಾಪ್ಟನ್. ಟ್ರೆಮೊಲೊ ಕಡ್ಡಿಯೇ ನಿನ್ನ ದನಿ ಆಗಬೇಕು, ಅದಕ್ಕಾಗಿ ದಿನಾ ದುಡಿಯುತ್ತೇನೆ ಎನ್ನುವ ಹಟ ಇದ್ದರೆ ಮಾತ್ರ ಜೆಮ್. ಎರಡು ದೋಣಿಯಲ್ಲೂ ಕಾಲಿಟ್ಟ ನನ್ನ, ನಿನ್ನಂಥವರಿಗೆ ರೆಡ್ ಸ್ಪೆಷಲ್. ಹೊಸದಾಗಿ ಕೊಂಡರೆ ಫೆಂಡರಿನ ಎರಡೂ ಗಿಟಾರುಗಳ ಬೆಲೆ ಲಕ್ಷ ರೂಪಾಯಿ ದಾಟುತ್ತದೆ ಎನ್ನುವುದೂ ಈ ತೀರ್ಮಾನದಲ್ಲಿ ಸೇರಿದೆ. ಉಳಿದ ಹಣಕ್ಕೆ ಒಳ್ಳೆಯ ಆಂಪ್ಲಿಫೈಯರ್ ಬರುತ್ತದೆ.

"ಮತ್ತ ಹಿಡಿಕಿ, ಕಾಕಾ?" ಅಂದ. ಆಸೆ ಪೂರ್ತಿ ಹೋಗಿರಲಿಲ್ಲ.

ಅವನನ್ನು ಅಂಗಡಿಗೆ ಕಳಿಸುವಾಗ ಮೊಬೈಲಿನಲ್ಲಿ ತಂಬೂರಿ ಆ್ಯಪ್ ಹಾಕಿಕೊಟ್ಟು ಇಷ್ಟು ಹೇಳಿದೆ. ಗಿಟಾರು ಕೈಗೆ ಬಂದ ಕೂಡಲೆ ಓಟದ ತಾನ್ ಹೊಡೆಯಬೇಡ, ಅಂಗಡಿಯವರು ಹೊಗಳುತ್ತಾರೆ, ನಿನಗೆ ಏನೂ ತಿಳಿಯುವುದಿಲ್ಲ. ತಂಬೂರಿ ಹಚ್ಚಿ ಮೊದಲ ತಂತಿಯ ಮೇಲೆ ಹನ್ನೆರಡನೇ ಫ್ರೆಟ್ಟಿನ ಹತ್ತಿರ ಸಾ ಹಿಡಿ. ಅಲ್ಲಿಂದ ರಿಷಭಕ್ಕೆ ಎಳೆ, ಆಮೇಲೆ ಗಾಂಧಾರಕ್ಕೆ, ಅಲ್ಲೇ ನಾಲ್ಕು ಮಾತ್ರೆ ನಿಲ್ಲು. ದನಿ ಸತ್ತರೆ ಬೋರ್ಡಿನ ಬಾಗು ನಿನ್ನದಲ್ಲ, ಬೆರಳು ನೊಂದರೆ ಬಿಗಿತ ನಿನ್ನದಲ್ಲ. ಇಳಿದು ಬಂದಾಗ ಸಾ ತಂಬೂರಿಗೆ ಕೂಡದಿದ್ದರೆ ಬ್ರಿಡ್ಜನ್ನು ನಂಬಬೇಡ. ಆಮೇಲೆ ತಂತಿಯಿಂದ ಕೈ ತೆಗೆದು, ವಾಲ್ಯೂಮ್ ಪೂರ್ತಿ ಏರಿಸಿ, ಸುಮ್ಮನೆ ನಿಂತು ಗುಂಯ್ ಸದ್ದು ಎಷ್ಟಿದೆ ಕೇಳು.

ಸಂಜೆ ಏಳಕ್ಕೆ ಫೋನ್ ಮಾಡಿದ. ಖಡೇಬಜಾರಿನ ಗದ್ದಲ ಹಿಂದೆ ಕೇಳುತ್ತಿತ್ತು. ಏನನ್ನೂ ಕೊಂಡಿರಲಿಲ್ಲ. "ಕಾಕಾ, ಮೂರು ಗಿಟಾರ್ ನೋಡಿದೆ. ಒಂದರಾಗೂ ಗಾಂಧಾರ ನಿಲ್ಲಲಿಲ್ರಿ. ರೆಡ್ ಸ್ಪೆಷಲ್ ತರಿಸಿಕೊಡ್ತಾರೇನು ಕೇಳೇನಿ," ಅಂದ.